ಗೊರಸಿನ ಕೆಸರು

ನಿಂಗಣ್ಣ, ಆ ಹೋರಿಗರುವನ್ನು ಕೊಂದವಳು ನಾನು. ಆರು ವರ್ಷವಾಯಿತು — ನಿನ್ನ ಎಡಗಿವಿ ಕೇಳದೆ ಹೋಗಿಯೂ ಆರೇ ವರ್ಷ.

ಅವತ್ತು ಬೆಳಿಗ್ಗೆ ಎಂದಿನಂತೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಡೈರಿಗೆ ಹಾಲು ಕಳಿಸಿ, ರೊಟ್ಟಿಗೆ ಹಿಟ್ಟು ಕಲಸಿಟ್ಟಿದ್ದೆ. ನೀನು ಉಳಿದ ದನಗಳನ್ನು ಹೊಡೆದುಕೊಂಡು ದಿಣ್ಣೆಗೆ ಹೋಗಿದ್ದೆ. ಕೊಟ್ಟಿಗೆಯಲ್ಲಿ ಕರು ಕತ್ತು ನೀಡಿ, ನಾಲಿಗೆ ಚಾಚಿ ಕೆಮ್ಮುತ್ತಿತ್ತು. ಕೆರೆಯಂಗಳದ ಹಸಿಹುಲ್ಲಿನಿಂದ ಶ್ವಾಸಕೋಶಕ್ಕೆ ಹುಳ ಸೇರಿದೆ, ಇನ್ನು ಅಲ್ಲಿ ಮೇಯಿಸಬೇಡಿ ಎಂದು ದುದ್ದದಿಂದ ಬಂದ ದನದ ಡಾಕ್ಟರು ಹೇಳಿದ್ದರು. ಔಷಧಿ ಕುಡಿಸುವಾಗ ತಲೆ ಮೇಲೆತ್ತಬೇಡಿ, ಕೆಮ್ಮಿದರೆ ಬಿಟ್ಟುಬಿಡಿ — ಇದನ್ನೂ ನನಗೇ ಹೇಳಿದ್ದರು. ಮೊದಲ ಸಲ ನೀನೇ ನಿಧಾನವಾಗಿ ಕುಡಿಸಿದ್ದೆ. ಎರಡನೇ ಸಲಕ್ಕೆ ನಿನಗಾಗಿ ಕಾಯಬಹುದಿತ್ತು. ಒಲೆಯ ಮೇಲೆ ಹೆಂಚು ಕಾಯುತ್ತಿತ್ತು, ಅಷ್ಟೇ —

ಮುಖದ ಹಗ್ಗ ಎಳೆದು ಗೂಟಕ್ಕೆ ಬಿಗಿದೆ. ತಲೆ ಎತ್ತಿ, ಬಿದಿರಿನ ಗೊಟ್ಟವನ್ನು ಬಾಯಿಗೆ ತುರುಕಿ ಸುರಿದೆ. ಕೆಮ್ಮಿತು. ಬಿಡಲಿಲ್ಲ. ಮಂಡಿಯಿಂದ ಕುತ್ತಿಗೆ ಒತ್ತಿ ಮತ್ತೆ ಸುರಿದೆ. ಗೊಟ್ಟದ ಅಂಚು ವಸಡು ಕೊರೆದು ರಕ್ತ ಬಂತು. ಕರು ಹಗ್ಗ ಕಿತ್ತುಕೊಂಡು, ಹಿತ್ತಲ ಬಚ್ಚಲುಗುಂಡಿ ತುಳಿದು, ಅಂಗಳದಲ್ಲಿ ಬಿದ್ದು ಒದ್ದಾಡಿತು. ಕಣ್ಣುಗುಡ್ಡೆ ಹೊರಳಿತು. ಮೂಗಿನಲ್ಲಿ ಕೆಂಪು ನೊರೆ, ನೊರೆಯೊಳಗೆ ಸುಣ್ಣದಂಥ ಬಿಳಿ ಔಷಧಿ. ಮೊದಲು ಅದನ್ನು ಸೆರಗಿನಲ್ಲಿ ಒರೆಸಿದೆ. ಆಮೇಲೆ ಕೂಗಿದೆ.

ಯಜಮಾನರು ಓಡಿಬಂದರು. ಜೋಡಿ ಕಟ್ಟಲೆಂದು ಸಾಕಿದ್ದ ಕರು.

"ಆ ಬಡ್ಡೀಮಗ ನೆನ್ನೆ ಕೆರೆಗೇ ಬಿಟ್ಟವ್ನೆ ಅಲ್ವಾ?"

"ಗೊರಸಲ್ಲಿ ಕೆಸರಂತೂ ಇದೆ ಕಣ್ರೀ," ಎಂದೆ.

ಸುಳ್ಳು ಹೇಳಬಾರದೆಂದು ಹಾಸನದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ್ದರು. ನಾನು ಸುಳ್ಳು ಹೇಳಲಿಲ್ಲ, ನಿಂಗಣ್ಣ. ಕೆಸರಿತ್ತು. ನಮ್ಮ ಬಚ್ಚಲಿನದು.

ಸುದ್ದಿ ಕೇಳಿ ನೀನು ಏದುಸಿರು ಬಿಡುತ್ತ ಬಂದೆ. ಯಜಮಾನರ ಬಾರುಕೋಲಿನ ದಪ್ಪ ತುದಿ ಮೊದಲು ನಿನ್ನ ಬೆನ್ನಿಗೆ ಬಿತ್ತು, ಆಮೇಲೆ ಎಲ್ಲೆಂದರಲ್ಲಿ. ಅಂಗಿಯ ಗುಂಡಿಯೊಂದು ಕಿತ್ತು ತುಳಸಿಕಟ್ಟೆಯವರೆಗೆ ಉರುಳಿತು. ಕಿವಿಯ ಮೇಲೆ ಬಿದ್ದ ಏಟಿನ ಸದ್ದು ಬೇರೆ — ಒಣಗಿದ ಕಾಯಿ ಒಡೆದಂತೆ. ರಕ್ತ ಕತ್ತಿಗಿಳಿಯುತ್ತಿದ್ದರೂ ನೀನು ನೋಡಿದ್ದು ನನ್ನನ್ನೇ.

"ಅವ್ವಾರೇ, ನೀವಾದ್ರೂ ಏಳಿ! ದಿಣ್ಣೆ ಬುಟ್ಟು ಎಲ್ಗೂ ಓಗಿಲ್ಲ ಕಣವ್ವಾ!"

ಕಲಸಿದ ಹಿಟ್ಟು ಒಣಗುತ್ತಿದೆಯೆಂದು ನಾನು ಒಳಗೆ ಹೋದೆ.

ಆಮೇಲೆ ನೀನು ನಮ್ಮ ಮನೆಗೆ ಬರಲಿಲ್ಲ, ಊರಲ್ಲಿ ಬೇರೆ ಯಾರೂ ನಿನ್ನ ಕೈಗೆ ದನ ಕೊಡಲಿಲ್ಲ. ನಾನು ದೇವರ ದೀಪ ಹಚ್ಚುತ್ತಲೇ ಇದ್ದೆ. ಕ್ಷಮಿಸು ಎಂದು ಬರೆದು ಹೊಡೆದುಹಾಕಿದೆ. ನಿನಗೆ ಓದು ಬಾರದು. ನಾಳೆ ಯಜಮಾನರನ್ನೂ ಕರೆದುಕೊಂಡು ನಿನ್ನ ಜಗಲಿಗೆ ಬರುತ್ತೇನೆ. ನಿನ್ನ ಬಲಗಿವಿಯ ಪಕ್ಕ ಕೂತು, ಇದನ್ನು ಅವರಿಗೂ ಕೇಳುವಂತೆ ಓದುತ್ತೇನೆ.

ಒಂದು ಉಳಿಯಿತು. ಅವತ್ತು ಸಂಜೆ ಪಕ್ಕದ ಮನೆಯ ಸಾಕಮ್ಮ ಮೊಸರಿನ ಹೆಪ್ಪಿಗೆ ಬಂದವಳು, ಲೋಟ ಚಾಚಿಕೊಂಡೇ ಅಂದಳು: "ಅಯ್, ಸೆರಗಲ್ಲಿ ಅದೇನವ್ವ ಬೆಳ್ಳುಗೆ? ಈಗ್ಲೇ ನೀರಾಕ್ಬುಡು, ಅಂಗೇ ಬುಟ್ರೆ ಓಗಕಿಲ್ಲ."