ಮೌನೇಶನನ್ನು ಹುಟ್ಟಿಸಿದ ಸೇತುರಾಮರು

ಮಾತಾಡುವಾಗ ಎದುರಿಗಿದ್ದವರ ಮುಖ ನೋಡುವ ಅಭ್ಯಾಸ ಸೇತುರಾಮರಿಗೆ ಇರಲಿಲ್ಲ. ಫ್ಯಾನು ನೋಡುತ್ತಿದ್ದರು, ಕಿಟಕಿ ನೋಡುತ್ತಿದ್ದರು, ಹೆಚ್ಚಾಗಿ ತಮ್ಮದೇ ನೋಟ್‌ಬುಕ್ ನೋಡುತ್ತಿದ್ದರು. ಮಗಳು ಹುಟ್ಟಿದ ಮೇಲೆ ನನ್ನ ಎರಡೂ ಕಿವಿ ಮಂದವಾಗಿದ್ದವು. ಮೆಷಿನ್ ಹಾಕಿಕೊಂಡು, ತುಟಿ ನೋಡಿ ಮಾತು ಹಿಡಿಯುವ ನನಗೆ ಅವರ ಅರ್ಧ ಮಾತು ದಕ್ಕುತ್ತಲೇ ಇರಲಿಲ್ಲ. ದಕ್ಕಿದ ಅರ್ಧದಿಂದ ಏನೂ ಲಾಭವಾಗಲಿಲ್ಲ ಎಂಬುದು ಬೇರೆ ಮಾತು.

ಅವರು ಮೈಸೂರಿನವರು, ಮುಂಬಯಿ ಪಕ್ಕದ ಠಾಣೆ ಊರಿನ ಬ್ಯಾಂಕೊಂದರಲ್ಲಿ ಅಧಿಕಾರಿ. ಕೋಪರಖೈರಣೆಯಲ್ಲಿ ನಮ್ಮ ಬಿಲ್ಡಿಂಗಿನಲ್ಲೇ ಮನೆ. ಬಿಡುವಿನಲ್ಲಿ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದರು. 2007ರ ಸುಮಾರಿಗೆ ಒಂದು ಭಾನುವಾರ ನಮ್ಮ ಮನೆಗೆ ಬಂದು ನೋಟ್‌ಬುಕ್ ಬಿಚ್ಚಿದರು.

"ವಾರಿಜಾ ಅವರೆ, ನನ್ನ ಹೊಸ ಪತ್ತೇದಾರ ಕಿವುಡ. ಹೆಸರು ಮೌನೇಶ. ನಿಮ್ಮ ಅನುಭವ ಸ್ವಲ್ಪ ಹೇಳಿ."

ಇಷ್ಟನ್ನು ಅವರು ನೋಟ್‌ಬುಕ್ಕಿಗೇ ಹೇಳಿದ್ದರಿಂದ ನನ್ನ ಮಗಳು ಸ್ನೇಹಾ ಇನ್ನೊಮ್ಮೆ ಹೇಳಬೇಕಾಯಿತು.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ತುಟಿ ನೋಡಿ ಎಲ್ಲ ಗೊತ್ತಾಗುದಿಲ್ಲ ಮಾರಾಯ್ರೆ. ಮರ, ಬರ, ಪರ, ಮೂರೂ ತುಟಿ ಮೇಲೆ ಒಂದೇ. ಇಲ್ಲಿಯ ಜನ ಮರಾಠಿಯಲ್ಲಿ ಸುರು ಮಾಡಿ ಹಿಂದಿಯಲ್ಲಿ ಮುಗಿಸ್ತಾರೆ. ಯಾವ ಭಾಷೆ ಅಂತ ತಿಳಿಯುವಷ್ಟರಲ್ಲಿ ಮಾತೇ ಮುಗಿದಿರ್ತದೆ. ಸಂಜೆಗೆ ತಲೆ ಸಿಡೀತದೆ."

"ಅದೆಲ್ಲ ಕಥೆಗೆ ಆಗಲ್ಲ ಬಿಡಿ," ಎಂದರು. "ಒಂದು ಇಂದ್ರಿಯ ಹೋದ್ರೆ ಇನ್ನೊಂದು ಡಬಲ್ ಆಗುತ್ತೆ. ಅದು ಸೈನ್ಸು."

ಪುಸ್ತಕ ಬಂತು. ಮೌನೇಶ ಠಾಣೆ ಸ್ಟೇಷನ್ನಿನಲ್ಲಿ ನಿಂತು, ಆಚೆ ಪ್ಲಾಟ್‌ಫಾರ್ಮಿನಲ್ಲಿ ಹೊರಟ ಲೋಕಲ್ಲಿನೊಳಗೆ ಗಡ್ಡದ ಕೊಲೆಗಾರನೊಬ್ಬ ಪಿಸುಗುಟ್ಟಿದ್ದನ್ನು ಓದಿಬಿಡುತ್ತಾನೆ. ಇನ್ನೂರು ಪುಟಗಳಲ್ಲಿ ಒಮ್ಮೆಯೂ "ಏನು? ಇನ್ನೊಮ್ಮೆ ಹೇಳಿ" ಎನ್ನುವುದಿಲ್ಲ. ನಾನು ಅದನ್ನು ದಿನಕ್ಕೆ ನಲವತ್ತು ಸಲ ಹೇಳುತ್ತೇನೆ. ಅವನ ಮೆಷಿನ್ನಿನ ಬ್ಯಾಟರಿ ಮುಗಿಯುವುದಿಲ್ಲ, ಬಸ್ಸಿನಲ್ಲಿ ಕಂಡಕ್ಟರ್ ಅವನನ್ನು ಬೈಯುವುದಿಲ್ಲ. ಅವನು ಕಿವುಡನಲ್ಲ, ಸರ್ಕಸ್ಸಿನವನು.

ಬಿಡುಗಡೆಗೆ ಠಾಣೆಯ ಸಭಾಂಗಣಕ್ಕೆ ನನ್ನನ್ನೂ ಕರೆದಿದ್ದರು. ಕಿವುಡುತನದ ಅರಿವಿನ ಬಗ್ಗೆ ಸೇತುರಾಮರ ಭಾಷಣ. ಪರದೆಯ ಮೇಲೆ ಚಿತ್ರ ತೋರಿಸಲು ದೀಪ ಆರಿಸಿದರು. ಕತ್ತಲಲ್ಲಿ ತುಟಿ ಕಾಣಬೇಕಲ್ಲ. ಅರಿವಿನ ಭಾಷಣದಲ್ಲಿ ಏನೂ ಅರಿಯದೆ ಕುಳಿತಿದ್ದವಳು ನಾನೊಬ್ಬಳೇ. ಆಮೇಲೆ ಯಾರೋ ಕೈಹಿಡಿದು ವೇದಿಕೆ ಹತ್ತಿಸಿ ಶಾಲು ಹೊದಿಸಿದರು. ಜನ ಚಪ್ಪಾಳೆ ತಟ್ಟಿದರು. ನಾನು ನಕ್ಕೆ.

ಮನೆಗೆ ಬಂದಾಗ, ಸಭೆಗೆ ಜೊತೆಯಲ್ಲಿ ಬಂದಿದ್ದ ಸ್ನೇಹಾಳ ಮುಖ ಬಿಗಿದಿತ್ತು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. "ಮಮ್ಮಿ, ಉನ್ಹೋಂನೆ ಬೋಲಾ ಆಪ್ಕೋ ಗುಸ್ಸಾ ಹೀ ನಹೀ ಆತಾ." ನನಗೆ ಸಿಟ್ಟೇ ಬರುವುದಿಲ್ಲವಂತೆ. ಇವರ ಲೋಕದಲ್ಲಿ ಸದ್ದಿಲ್ಲ, ಅದಕ್ಕೇ ಸಿಟ್ಟೂ ಇಲ್ಲ, ನನ್ನ ಮೌನೇಶ ಇವರಿಗೆ ಬದುಕುವ ಧೈರ್ಯ ಕೊಟ್ಟ ಎಂದು ಸೇತುರಾಮರು ಭಾಷಣದಲ್ಲಿ ಹೇಳಿದ್ದರಂತೆ.

ಮರುದಿನ ಶಾಲು ಮಡಚಿ ಅವರ ಮನೆಗೆ ಕೊಂಡುಹೋದೆ. ಬಾಗಿಲು ತೆರೆದವರು ಅವರ ಹೆಂಡತಿ ಪದ್ಮಾ.

"ನಿಮ್ಮ ಪುಸ್ತಕದಿಂದ ನಂಗೆ ಧೈರ್ಯ ಬಂತು ಅಂತ ಯಾರು ಹೇಳಿದ್ದು?" ಎಂದು ಸೇತುರಾಮರನ್ನು ಕೇಳಿದೆ.

"ನಾನು ಹಾಗೆ ಹೇಳಿಲ್ಲ. ನಿಮಗೆ ಸರಿಯಾಗಿ ಕೇಳಿಸಿರಲ್ಲ," ಎಂದರು.

ಆ ಮಾತು ಮಾತ್ರ ಪೂರ್ತಿ ತಿಳಿಯಿತು. ಶಾಲನ್ನು ಕುರ್ಚಿಯ ಮೇಲಿಟ್ಟು ಬಂದೆ. ಆಮೇಲೆ ಏಳು ವರ್ಷ ಲಿಫ್ಟಿನಲ್ಲಿ ಸಿಕ್ಕರೂ ಮಾತಾಡಲಿಲ್ಲ.

ಮತ್ತೆ ಮಾತಾಡಿದ್ದು ಠಾಣೆಯ ಕಿವಿ ಪರೀಕ್ಷೆಯ ಕ್ಲಿನಿಕ್ಕಿನಲ್ಲಿ. ನನ್ನ ಮೆಷಿನ್ ರಿಪೇರಿಗೆ ಹೋಗಿದ್ದೆ. ಬೆಂಚಿನ ತುದಿಯಲ್ಲಿ ಸೇತುರಾಮರು. ನರ್ಸ್ ಮೂರು ಸಲ ಕರೆದರೂ ಅವರು ಕದಲಲಿಲ್ಲ. ನಾನೇ ಹೋಗಿ ಭುಜ ಮುಟ್ಟಿದೆ.

"ಕಥೆ ಯೋಚಿಸ್ತಿದ್ದೆ," ಎಂದರು.

ಪರೀಕ್ಷೆ ಮುಗಿಸಿ ಹೊರಬಂದು ನನ್ನ ಪಕ್ಕ ನಿಂತರು. "ಹೊರಗೆ ಕಾಣದ ಹಾಗೆ ಇರೋ ಮೆಷಿನ್ ಯಾವುದು?"

"ಕಂಡ್ರೆ ಏನಾಯ್ತು? ಈಗಲೇ ಹಾಕ್ಕೊಳ್ಳಿ. ಸುಮ್ಮನೆ ತಲೆ ಅಲ್ಲಾಡಿಸ್ಬೇಡಿ. ಕೇಳಿಸ್ಲಿಲ್ಲ ಅಂತ ಹೇಳಿ."

ಎರಡು ಸಲ ಹೇಳಬೇಕಾಯಿತು. "ಜನ ಏನಂದುಕೊಳ್ತಾರೆ," ಎಂದರು. "ನೀವು ಯಾರಿಗೂ ಹೇಳಬೇಡಿ."

ನನಗೆ ಕನಿಕರ ಬರಲಿಲ್ಲ. ಕಿವುಡನನ್ನು ಬರೆದು ಹಾರ ಹಾಕಿಸಿಕೊಂಡವರಿಗೆ ಕಿವುಡರಾಗಲು ನಾಚಿಕೆ. ಆದರೂ ಯಾರಿಗೂ ಹೇಳಲಿಲ್ಲ.

ಅವರು ಮೆಷಿನ್ ತೆಗೆದುಕೊಳ್ಳಲಿಲ್ಲ. ನಿವೃತ್ತರಾಗಿ ಡೊಂಬಿವಲಿಗೆ ಹೋದರು. ಎರಡು ವರ್ಷದ ಮೇಲೆ ಅಲ್ಲಿಂದಲೇ ಸಾವಿನ ಸುದ್ದಿ ಬಂತು. ಪದ್ಮಾರಿಗಾಗಿ ಸಂತಾಪ ಸಭೆಗೆ ಹೋದೆ. ವೇದಿಕೆಯಲ್ಲಿದ್ದವರ ಮಾತನ್ನು ಸ್ನೇಹಾ ಚೀಟಿಯಲ್ಲಿ ಬರೆದು ತೋರಿಸುತ್ತಿದ್ದಳು: 'ಕಿವುಡರ ಅಂತರಂಗ ಬಲ್ಲ ಏಕೈಕ ಲೇಖಕ.'

ಪದ್ಮಾ ನನ್ನ ಕಡೆ ತಿರುಗಿ ಕುಳಿತರು. ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು.

"ಸುಸ್ತು ಅಂತ ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ದೆ. ನಾನು ಹೊರಗಿದ್ದೆ. ಎದೆ ನೋವು ಇದೆಯಾ ಅಂತ ಎರಡು ಸಲ ಕೇಳಿದ್ರಂತೆ. ಇವರು ನಗ್ತಾ ಇಲ್ಲ, ಇಲ್ಲ ಅಂದ್ರಂತೆ. ನನ್ನ ಹತ್ರ ಬೆಳಗ್ಗೆಯಿಂದ ಎದೆ ನೋವು, ನೋವು ಅಂತಿದ್ರು. ಆ ರಾತ್ರಿನೇ ಹೋದ್ರು."

ಅವರ ಕೈಹಿಡಿದು ಕುಳಿತೆ. ಅಷ್ಟರಲ್ಲಿ ಎರಡು ನಿಮಿಷ ಮೌನ ಆಚರಿಸಬೇಕು ಎಂದರೆಂದು ಕಾಣುತ್ತದೆ. ಎಲ್ಲರೂ ಎದ್ದದ್ದು ನೋಡಿ ನಾವಿಬ್ಬರೂ ಎದ್ದು ನಿಂತೆವು.