ಪೊರಕೆ ಕಡ್ಡಿ ಹಿಡಿದು ಹುಲಿ ನೋಡಲು ಹೋದದ್ದು

ಕಾಡಿನಲ್ಲಿ ಹುಲಿಯ ಹೆಜ್ಜೆ ಒಂದೇ, ಮಿಕ್ಕ ಹೆಜ್ಜೆಗಳೆಲ್ಲ ನಮ್ಮ ಭಯದವು... ಹೀಗೇನೋ ಒಂದು ಸಾಲು. ಎಲ್ಲಿ ಓದಿದ್ದೆನೋ, ಸರಿಯಾಗಿ ನೆನಪಿದೆಯೋ ಇಲ್ಲವೋ.

ಆದರೆ ಅದು ನಿಜವೇ? ಬರೆದವರು ಬೆಳಗಿನ ಜಾವ ಕಬ್ಬಿನ ಗದ್ದೆಗೆ ನೀರು ಹಾಯಿಸಲು ಹೋದವರಿರಲಾರರು.

ಕಳೆದ ವಾರ ನಾನು ಬಂಡೀಪುರಕ್ಕೆ ಹೊರಟಿದ್ದೆ. ಹಿಂದಿನ ದಿನ ಸಂಜೆ ಪಕ್ಕದ ಮನೆಯ ಜಯಮ್ಮ ಬಂದು ನನ್ನ ಕೈಗೆ ಎರಡು ಪೊರಕೆ ಕಡ್ಡಿ ಕೊಟ್ಟಳು. ಒಂದು ಉದ್ದ, ಒಂದು ಗಿಡ್ಡ. ಎರಡನ್ನೂ ಸೇರಿಸಿ ಕೆಂಪು ದಾರ ಸುತ್ತಿದ್ದಳು.

ನಮ್ಮೂರು ಕೆರಗೋಡಿನ ಆಚೆ ಅವಳ ಕಬ್ಬಿನ ಗದ್ದೆ. ಬದುವಿನ ಕೆಸರಿನಲ್ಲಿ ಒಂದು ಹೆಜ್ಜೆ ಗುರುತು ಕಂಡಿದೆ. ಮೋಟಾರಿಗೆ ಕರೆಂಟು ಬರುವುದು ಬೆಳಗಿನ ಜಾವ, ನೀರು ಹಾಯಿಸುವವಳು ಅವಳೊಬ್ಬಳೇ.

ಅದು ಚಿರತೆಯದು ಎಂದು ಅವಳು ಹೇಳಿದರೆ ಟೀ ಅಂಗಡಿಯಲ್ಲಿ ನಕ್ಕರಂತೆ. “ನಾಯಿ ಕಣಮ್ಮಿ, ಓಗು. ನಿನ್ ಕಬ್ಬು ತಿನ್ನಕ್ಕೆ ಚಿರ್ತೆ ಬತ್ತದಾ?”

ಅವಳು ಗುರುತು ಅಳಿಯದಂತೆ ಅದರ ಮೇಲೆ ಮಂಕರಿ ಬುಟ್ಟಿ ಕವುಚಿ ಹಾಕಿ, ಮನೆಗೆ ಬಂದು ಪೊರಕೆಯಿಂದ ಕಡ್ಡಿ ಕಿತ್ತುಕೊಂಡು ಹೋಗಿ, ಗುರುತಿನ ಉದ್ದಕ್ಕೊಂದು, ಅಗಲಕ್ಕೊಂದು ಅಳೆದು ಮುರಿದಿದ್ದಳು.

“ಫೋಟೊ ತೆಗೀಬಾರದಿತ್ತಾ ಜಯಮ್ಮ?” ಅಂದೆ.

“ತೆಗ್ದಿವ್ನಿ, ನಿಮ್ಗೂ ಕಳ್ಸಿವ್ನಿ. ಪೋಟೋದಲ್ಲಿ ಇಲೀನೂ ಆನೆಯಷ್ಟೇ ಕಾಣ್ತದೆ ಕಣಕ್ಕ. ಅಲ್ಲಿ ತಿಳ್ದೋರ್ ಇರ್ತಾರೆ, ಕೇಳ್ಕಂಡ್ ಬನ್ನಿ.”

ಸಫಾರಿ ಬಸ್ಸಿನಲ್ಲಿ ಎಲ್ಲರ ಕೈಯಲ್ಲೂ ಕ್ಯಾಮೆರಾ, ನನ್ನ ಕೈಯಲ್ಲಿ ಕಡ್ಡಿ.

ಹಕ್ಕಿಗಳು ಬೇಕಾದಷ್ಟು ಸಿಕ್ಕವು. ಒಣಮರದ ಮೇಲೆ ಹದ್ದು, ತರಗೆಲೆ ಕೆದಕುವ ಕಾಡುಕೋಳಿ, ಕೆಂಪು ಜುಟ್ಟಿನ ಮರಕುಟಿಗ. ಎಲ್ಲವುಗಳ ಕಾಲನ್ನೇ ನೋಡುತ್ತಿದ್ದೇನೆ ಎಂದು ನನಗೇ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಆಮೇಲೆ ಹುಲಿ.

ಲಂಟಾನದ ಪೊದೆಯಿಂದ ಇಳಿದು ಬಸ್ಸಿನ ಮುಂದೆಯೇ ದಾರಿ ದಾಟುತ್ತದೆ. ಎಲ್ಲರೂ ಅದರ ಮುಖ ನೋಡುತ್ತಿದ್ದಾರೆ... ನಾನು ಪಾದ. ಅಷ್ಟು ಭಾರದ ಪ್ರಾಣಿ, ಧೂಳನ್ನು ಕೇಳಿಕೊಂಡು ಕಾಲಿಡುವಂತೆ ಇಡುತ್ತಿದೆ. ಮುಂಗಾಲು ಬಿಟ್ಟ ಗುರುತಿನ ಮೇಲೇ ಹಿಂಗಾಲು ಬಂದು ಕೂರುತ್ತದೆ.

ಇಷ್ಟು ಸದ್ದಿಲ್ಲದೆ ನಡೆಯುವುದು ಕಬ್ಬಿನೊಳಗೆ ಬಂದರೆ ಯಾರಿಗೆ ಗೊತ್ತಾಗುತ್ತದೆ?

ಬಸ್ಸು ಇಳಿದ ಮೇಲೆ ಡ್ರೈವರಿಗೆ ಫೋಟೊ ತೋರಿಸಿ ಕಡ್ಡಿ ಕೊಟ್ಟೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ಎರಡೂ ಕಡ್ಡಿಗಳನ್ನು ಅಂಗೈ ಮೇಲೆ ಅಡ್ಡಲಾಗಿ ಇಟ್ಟುಕೊಂಡು ತುಂಬ ಹೊತ್ತು ನೋಡಿದರು.

“ಉಗುರು ಮೂಡಿಲ್ಲ ನೋಡಿ ಮೇಡಂ. ನಾಯಿ ಆಗಿದ್ರೆ ಉಗುರು ಕೆಸರಿಗೆ ಊರಿರೋದು. ಇದು ಒಳಗೆ ಎಳ್ಕೊಂಡು ನಡೆದಿದೆ. ಅಳತೆನೂ ಸರಿಯಿದೆ, ಚಿರತೆನೇ. ಯಾರು ಅಳೆದಿದ್ದು? ಚೆನ್ನಾಗಿ ಅಳೆದವ್ರೆ.”

ಮೈಸೂರು, ಮಂಡ್ಯ ದಾಟಿ ಊರು ಸೇರುವವರೆಗೂ ನನಗೆ ಒಂದೇ ಸಡಗರ. ಜಯಮ್ಮ ಗೆದ್ದಳು, ಇನ್ನು ಟೀ ಅಂಗಡಿಯವರ ಬಾಯಿ ಮುಚ್ಚುತ್ತದೆ.

ಹೆಗಲ ಚೀಲವನ್ನೂ ಇಳಿಸದೆ ಅವಳ ಮನೆಗೆ ಹೋಗಿ, ನೀನು ಹೇಳಿದ್ದೇ ಸರಿ, ಚಿರತೆಯಂತೆ, ಎಂದೆ.

ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಖುಷಿಪಡಲಿಲ್ಲ.

“ನಂಗೊತ್ತಿತ್ತು ಕಣಕ್ಕ. ನೀವಾದ್ರೂ ಬಂದು ನಾಯಿ ಅಂದಿದ್ರೆ, ನಾಳೆ ನೀರ್ ಕಟ್ಟಕ್ಕೆ ಧೈರ್ಯವಾಗಿ ಓಯ್ತಿದ್ದೆ.”