ದೆವ್ವ ಅಲ್ಲ ಸಾರ್, ಸೆಟ್ಟಿಂಗ್ಸು

ಹೊರಗೆ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಟೈಲರಣ್ಣನ ಮನೆಯ ಮುಂದಿನ ಕೋಣೆಯಲ್ಲಿ, ಹೊಲಿಗೆ ಯಂತ್ರದ ಪಕ್ಕ, ಒಂದು ಹಳೆಯ ಕಂಪ್ಯೂಟರು. ಅದರೆದುರು ಸ್ಟೂಲಿನ ಮೇಲೆ ಪೆನ್‌ಡ್ರೈವ್ ಅಕ್ಕ ಕೂತಿದ್ದಾರೆ. ಕಪ್ಪು ಪರದೆಯ ಮೇಲೆ ಎರಡೇ ಸಾಲು: ವಿಂಡೋಸ್ ಬೇಕೋ, ಲಿನಕ್ಸ್ ಬೇಕೋ. ಕೆಳಗೆ ಸೆಕೆಂಡುಗಳು ಒಂದೊಂದಾಗಿ ಇಳಿಯುತ್ತಿವೆ. ಯಾರೂ ಏನೂ ಒತ್ತದಿದ್ದರೆ ಯಂತ್ರವೇ ಒಂದನ್ನು ಆರಿಸಿಕೊಳ್ಳುತ್ತದೆ. ಅಕ್ಕ ಕೈಕಟ್ಟಿ ಕಾಯುತ್ತಾರೆ. ಪರದೆ ನೀಲಿಯಾಗುತ್ತದೆ, ಸ್ಪೀಕರಿನಲ್ಲಿ ಏನೋ ಗೊರಗುಟ್ಟುತ್ತದೆ, ಆಮೇಲೆ ಒಂದು ಹೆಣ್ಣು ದನಿ: "...ದ್ರಾ? ಮೊದಲು ನೀರು ಕುಡೀರಿ. ಆಮೇಲೆ ಮಾತ್ರೆ."

ಕೋಣೆಯಲ್ಲಿ ಇರುವವರು ನಾಲ್ಕು ಜನ. ಟೈಲರಣ್ಣ, ಅವರ ಮಗಳು, ಅಕ್ಕ ಮತ್ತು ಅಕ್ಕನ ಕೆಲಸದ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು. ಮಾತಾಡಿದ್ದು ನಮ್ಮಲ್ಲಿ ಯಾರೂ ಅಲ್ಲ. ಅದು ಟೈಲರಣ್ಣನ ಹೆಂಡತಿಯ ದನಿ, ಅವರು ತೀರಿಕೊಂಡು ಎರಡು ವರ್ಷವಾಗಿದೆ. ನನ್ನ ಮೈ ಜುಮ್ಮೆಂದಿದ್ದನ್ನು ಮುಚ್ಚಿಡುವುದಿಲ್ಲ. ಬಾಗಿಲು ಎಷ್ಟು ದೂರವಿದೆ ಎಂದು ಒಮ್ಮೆ ನೋಡಿಕೊಂಡೆ ಕೂಡ. ಅಕ್ಕ ಅದನ್ನು ಗಮನಿಸಿ, "ದೆವ್ವ ಅಲ್ಲ ಸಾರ್, ಸೆಟ್ಟಿಂಗ್ಸು" ಅನ್ನುತ್ತಾರೆ.

ಈ ದನಿ ಊರಿಗೆಲ್ಲ ಪರಿಚಿತ. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆಂದು ಹೇಳುತ್ತಿದ್ದವರು ಇವರೇ. ಅವರು ಹೋದರೂ ಮುದ್ರಿಸಿಟ್ಟ ದನಿ ಅಲ್ಲಿ ಈಗಲೂ ಕೆಲಸ ಮಾಡುತ್ತಿದೆ. ನಿನ್ನೆ ಸಂಜೆ ನನ್ನನ್ನು ಮನೆಗೆ ಹೋಗುವ ಬಸ್ಸು ಹತ್ತಿಸಿದ್ದೂ ಅದೇ. ಆದರೆ ಮನೆಯ ಈ ಒಂದು ಮಾತು ಬೇರೆ. ತಾವು ನಸುಕಿನ ಪಾಳಿಗೆ ಹೋದಾಗ ಗಂಡ ಮಾತ್ರೆ ಮರೆಯದಿರಲಿ ಎಂದು ಅವರು ಇದನ್ನು ಮುದ್ರಿಸಿ, ಲಿನಕ್ಸ್ ಶುರುವಾದ ಕೂಡಲೇ ತಾನಾಗಿ ಕೇಳುವಂತೆ ಮಾಡಿಟ್ಟಿದ್ದರು. ಈಗ ಆ ಲಿನಕ್ಸ್ ತೀರಾ ಹಳತಾಗಿದೆ, ಇಂದು ಅದನ್ನು ತೆಗೆದು ಹೊಸದು ಹಾಕಬೇಕು.

ಈ ಕೆಲಸ ಏನೆಂದು ಗೊತ್ತಿಲ್ಲದವರಿಗೆ ಅಕ್ಕ ಹೇಳುವುದು ಹೀಗೆ: "ಅಣ್ಣತಮ್ಮ ಪಾಲಾದ ಮನೆ ನೋಡಿದೀರಲ್ಲ? ಗೋಡೆ ಒಂದೇ, ಬಾಗಿಲು ಎರಡು. ಒಂದು ಕಡೆ ವಿಂಡೋಸು, ಇನ್ನೊಂದು ಕಡೆ ಲಿನಕ್ಸು. ಲಿನಕ್ಸಲ್ಲಿ ಬೇಕಾದಷ್ಟು ಮನೆತನ ಇವೆ, ಡಿಸ್ಟ್ರೋ ಅಂತಾರೆ. ಒಂದೊಂದಕ್ಕೂ ಇಷ್ಟು ವರ್ಷ ಅಂತ ಆಯಸ್ಸು. ಅದು ಮುಗಿದ್ಮೇಲೆ ರಿಪೇರಿ ಕಳಿಸೋರು ಇರಲ್ಲ. ಆಗ ಆ ಮನೆತನ ಬಿಡಿಸಿ ಬೇರೇದನ್ನ ಕೂರಿಸ್ಬೇಕು. ಪಕ್ಕದ ಮನೆ ಗೋಡೆ ಅಲ್ಲಾಡಬಾರ್ದು, ಒಳಗಿನ ಸಾಮಾನೂ ಹೋಗಬಾರ್ದು." ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತಾರಲ್ಲ, ಹಾಗೆ.

ಐವತ್ತು ದಾಟಿದ ಈ ಹೆಂಗಸು ಮೊದಲು ಟೈಪಿಂಗ್ ಶಾಲೆಯಲ್ಲಿ ಕಲಿಸುತ್ತಿದ್ದರು. ಟೈಪ್‌ರೈಟರಿನ ಕಾಲ ಮುಗಿದು ಶಾಲೆ ಬಾಗಿಲು ಹಾಕಿದಾಗ, ಮೂಲೆಯಲ್ಲಿ ಕೆಟ್ಟು ಬಿದ್ದಿದ್ದ ಒಂದು ಕಂಪ್ಯೂಟರನ್ನು ಮನೆಗೆ ಹೊತ್ತು ತಂದರು. ಅದನ್ನು ಬಿಚ್ಚಿ, ಜೋಡಿಸಿ, ಮತ್ತೆ ಕೆಡಿಸಿ ಕಲಿತದ್ದೇ ಇಂದಿನ ಕಸುಬು. ಈಗ ಅವರ ಅಂಗಡಿ ಒಂದು ಕಟ್ಟಡದ ಮೆಟ್ಟಿಲ ಕೆಳಗಿದೆ. ನೆಟ್ಟಗೆ ನಿಂತರೆ ತಲೆ ತಾಗುತ್ತದೆ, ಹಾಗಾಗಿ ಗಿರಾಕಿಗಳೆಲ್ಲ ಒಳಗೆ ಬರುವಾಗ ಅಕ್ಕನಿಗೆ ತಲೆಬಾಗಿಯೇ ಬರುತ್ತಾರೆ. ಬೀಗದ ಕೈ ಗೊಂಚಲಿನಲ್ಲಿ ಕೀಲಿಗಿಂತ ಪೆನ್‌ಡ್ರೈವುಗಳೇ ಹೆಚ್ಚು. ಹೆಸರು ಬಂದದ್ದು ಅಲ್ಲಿಂದ.

ಕ್ಲಿನಿಕ್ಕು, ಶಾಲೆ, ಗ್ರಂಥಾಲಯ, ಸಣ್ಣ ಪ್ರೆಸ್ಸು, ಮನೆಗಳು ಸೇರಿ ವಾರಕ್ಕೆ ಹತ್ತೋ ಹನ್ನೆರಡೋ ಯಂತ್ರಗಳು ಸಿಗುತ್ತವೆ. ಜನ ಬರುವ ಮೊದಲೇ ಕೆಲಸ ಮುಗಿಯಬೇಕಾದ್ದರಿಂದ ಅಕ್ಕನ ದಿನ ಕತ್ತಲಲ್ಲೇ ಶುರು. ಸರಕು ವ್ಯಾನು ಓಡಿಸುವ ಗಂಡ ದಾರಿಯಲ್ಲಿ ಇಳಿಸಿ ಹೋಗುತ್ತಾರೆ. ಬಗ್ಗಿ ಬಗ್ಗಿ ಅಕ್ಕನ ಸೊಂಟ ಹಿಡಿದಿದೆ, ಪರದೆ ನೋಡಿ ನೋಡಿ ಕಣ್ಣು ಉರಿಯುತ್ತದೆ. ಕೆಲಸ ಸರಿಯಾಗಿ ಆದಷ್ಟೂ ಅದು ಕಾಣುವುದಿಲ್ಲ ಎಂಬುದು ಇನ್ನೊಂದು ಕಷ್ಟ. "ಏನು ಮಾಡಿದ್ರಿ, ಬಣ್ಣ ಬದಲಾಗಿದೆ ಅಷ್ಟೇ ತಾನೆ ಅಂತಾರೆ. ಹೂಂ, ಅಷ್ಟೇ ಅಂತೀನಿ." ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎಂಬ ಗಾದೆ ಹುಟ್ಟಿದ್ದು ಇಂಥವರನ್ನು ನೋಡಿಯೇ ಇರಬೇಕು.

ಆದರೆ ಅಕ್ಕ ನೋಡುವ ಒಂದು ಲೋಕ ನಮಗೆ ಕಾಣುವುದಿಲ್ಲ. ವ್ಯವಸ್ಥೆ ಬದಲಾದರೂ ಜನರ ಕಡತಗಳಿರುವ ಭಾಗವನ್ನು ಅವರು ಮುಟ್ಟುವುದಿಲ್ಲ, ಆ ಜನರ ಅಭ್ಯಾಸಗಳು ಅಲ್ಲೇ ಉಳಿದಿರುತ್ತವೆ. ಒಂದು ಮನೆಯಲ್ಲಿ ಹೊಸ ಡಿಸ್ಟ್ರೋ ಹಾಕಿ ಎದ್ದರೆ ಮೌಸು ಉಲ್ಟಾ ಕೆಲಸ ಮಾಡುತ್ತಿತ್ತು. ತೀರಿಹೋದ ಮಗ ಎಡಚನಾಗಿದ್ದ. ಒಂದು ಕ್ಲಿನಿಕ್ಕಿನಲ್ಲಿ ಮಧ್ಯಾಹ್ನ ತಪ್ಪದೆ ಗಂಟೆ ಬಾರಿಸಿ "ಮೂರನೇ ಹಾಸಿಗೆ" ಎಂಬ ಬರಹ ಪರದೆಯ ಮೇಲೆ ಬರುತ್ತಿತ್ತು. ಮೂರನೇ ಹಾಸಿಗೆಯನ್ನು ಅಲ್ಲಿಂದ ತೆಗೆದು ವರ್ಷಗಳಾಗಿದ್ದವು, ಆದರೂ ಗಂಟೆಯಾದಾಗಲೆಲ್ಲ ನರ್ಸಮ್ಮ ಆ ಖಾಲಿ ಜಾಗದ ಕಡೆ ಒಮ್ಮೆ ನೋಡುತ್ತಿದ್ದರಂತೆ. "ಹೋದವರು ಹೋದ್ರು ಅಂತ ಯಂತ್ರಕ್ಕೆ ಯಾರೂ ಹೇಳಿರಲ್ಲ ನೋಡಿ" ಅನ್ನುತ್ತಾರೆ ಅಕ್ಕ. ಹೇಳುವಾಗ ಅವರ ಮುಖದಲ್ಲಿ ಭಯವೂ ಇಲ್ಲ, ನಗುವೂ ಇಲ್ಲ.

ಕೆಲಸಕ್ಕೆ ಕೈ ಹಾಕುವ ಮುಂಚೆ ಅವರದೊಂದು ಪದ್ಧತಿ ಇದೆ. ಮನೆಯವರನ್ನೆಲ್ಲ ಕೂರಿಸಿ ಕೇಳುತ್ತಾರೆ: "ಏನು ಉಳೀಬೇಕು? ಬಾಯಿಬಿಟ್ಟು ಹೇಳಿ." ಇಲ್ಲಿಯೂ ಕೇಳುತ್ತಾರೆ. ಮಗಳು ಮನೆಯಿಂದಲೇ ಪ್ರಬಂಧಗಳನ್ನು ಟೈಪ್ ಮಾಡಿಕೊಡುವವಳು, ಹಳೆಯ ಲಿನಕ್ಸಿನಲ್ಲಿ ಅವಳಿಗೆ ಬೇಕಾದ ಒಂದೂ ನಡೆಯುತ್ತಿಲ್ಲ. "ನನ್ನ ಕಡತ ಎಲ್ಲ ವಿಂಡೋಸ್ ಕಡೆ ಇದೆ ಅಕ್ಕ, ಅದಕ್ಕೆ ಏನೂ ಆಗಬಾರ್ದು" ಅನ್ನುತ್ತಾಳೆ. ಟೈಲರಣ್ಣ ಬಹಳ ಹೊತ್ತು ಸೂಜಿ ಚುಚ್ಚದಂತೆ ಬೆರಳಿಗೆ ತೊಟ್ಟ ಅಂಗುಸ್ತಾನ ತಿರುಗಿಸುತ್ತಾ ಕೂರುತ್ತಾರೆ. ಆಮೇಲೆ, "ಅವಳ ದನಿ" ಅನ್ನುತ್ತಾರೆ.

"ಆ ಫೈಲು ಆಗಲೇ ನಕಲು ಮಾಡ್ಕೊಂಡಿದೀನಿ ಅಣ್ಣ. ಎಲ್ಲೂ ಹೋಗಲ್ಲ."

"ಫೈಲು ಕೊಟ್ರೆ ನಾನು ಒತ್ತಿ ಕೇಳ್ಬೇಕು. ಅದು ಬೇಡಮ್ಮ. ನಾನು ಒತ್ತಿದ್ರೆ ನಾನು ಅವಳನ್ನ ಕರೆದ ಹಾಗಾಯ್ತು. ಅವಳಾಗೇ ಕರೀಬೇಕು." ಅಂಗುಸ್ತಾನ ಕಳಚಿ ಪಕ್ಕಕ್ಕಿಟ್ಟು ಮುಂದುವರಿಸುತ್ತಾರೆ: "ಬಸ್‌ಸ್ಟ್ಯಾಂಡಿಗೆ ಹೋಗಿ ಕೂತು ನೋಡಿದೆ. ಅಲ್ಲಿ ಅವಳು ಎಲ್ಲರನ್ನೂ ಕರೀತಾಳೆ. ಇಲ್ಲಿ ನನ್ನನ್ನ."

ಮಗಳು ತಲೆ ತಗ್ಗಿಸುತ್ತಾಳೆ. ದನಿಯ ಮೊದಲ ಮಾತು ನುಂಗಿಹೋಗುವುದು ಇತ್ತೀಚೆಗೆ ಹೆಚ್ಚಾಗಿದೆ ಎಂದು ಟೈಲರಣ್ಣನೇ ಹೇಳುತ್ತಾರೆ. ಆ ಮೊದಲ ಮಾತು ಏನಿತ್ತೆಂದು ಕೇಳಿದರೆ ಅವರಿಗೆ ನೆನಪಿಲ್ಲ. "ಇದ್ದಾಗ ಯಾರು ಕಿವಿಗೊಟ್ಟು ಕೇಳ್ತಾರೆ ಹೇಳಿ" ಅನ್ನುತ್ತಾರೆ. ಹೊಸ ಡಿಸ್ಟ್ರೋದಲ್ಲಿ ಹಳೆಯ ಏರ್ಪಾಡು ನಡೆಯುತ್ತದೋ ಇಲ್ಲವೋ ಎಂಬುದನ್ನು ಅಕ್ಕ ಖಾತ್ರಿಯಾಗಿ ಹೇಳುವುದಿಲ್ಲ. "ಪ್ರಯತ್ನ ಪಡ್ತೀನಿ" ಎಂದಷ್ಟೇ ಅನ್ನುತ್ತಾರೆ.

ಮೊದಲು ಪೆನ್‌ಡ್ರೈವಿನಿಂದಲೇ ಹೊಸ ಲಿನಕ್ಸನ್ನು ಓಡಿಸಿ ನೋಡುತ್ತಾರೆ; ಬಾಡಿಗೆಗೆ ಬರುವವರು ಮನೆಯೊಳಗೆ ಒಂದು ಸುತ್ತು ಹಾಕಿದಂತೆ. ಎಲ್ಲ ಸರಿ ಇದೆ. ಆಮೇಲೆ ಡಿಸ್ಕಿನ ಭಾಗಗಳು ಪರದೆಗೆ ಬರುತ್ತವೆ: ವಿಂಡೋಸಿನದು, ಹಳೆಯ ಲಿನಕ್ಸಿನದು, ಮನೆಯವರ ಕಡತಗಳದು. ಮೂರನೆಯದರ ಎದುರು ಒಂದು ಪುಟ್ಟ ಚೌಕ. ಅದರಲ್ಲಿ ಗುರುತು ಬಿದ್ದರೆ ಆ ಭಾಗ ಅಳಿಸಿಹೋಗುತ್ತದೆ. "ಚೌಕ ಖಾಲಿ ಇದೆ. ಎಲ್ಲರೂ ನೋಡಿದ್ರಾ?" ಎಂದು ಅಕ್ಕ ಒಬ್ಬೊಬ್ಬರನ್ನೂ ಹತ್ತಿರ ಕರೆದು ತೋರಿಸುತ್ತಾರೆ. ಒಮ್ಮೆ ಎಲ್ಲೋ ಒಂದು ಮನೆಯಲ್ಲಿ ಆ ಚೌಕ ಖಾಲಿ ಇರಲಿಲ್ಲವಂತೆ. ಯಾರ ಮನೆ ಎಂದು ಕೇಳಬೇಡಿ ಅನ್ನುತ್ತಾರೆ, ಆ ಬೀದಿಗೆ ಅವರು ಮತ್ತೆ ಕಾಲಿಟ್ಟಿಲ್ಲ.

ಯಾರ ಹೆಸರಿನಲ್ಲಿ ಇರಲಿ ಎಂದು ಯಂತ್ರ ಕೇಳಿದಾಗ, "ಮಗಳ ಹೆಸರೇ ಹಾಕಿ, ಇನ್ನು ಮುಂದೆ ಅವಳೇ ತಾನೆ ನೋಡೋದು" ಅನ್ನುತ್ತಾರೆ ಟೈಲರಣ್ಣ. ಅಕ್ಕ ಹಾಕುತ್ತಾರೆ. ಕೆಲಸ ಎಷ್ಟಾಯಿತೆಂದು ತೋರಿಸುವ ಪಟ್ಟಿ ಪರದೆಯ ಮೇಲೆ ನಿಧಾನವಾಗಿ ತುಂಬುತ್ತದೆ. ಆ ಬಿಡುವಿನಲ್ಲಿ, ನಿಮಗೇನಾದರೂ ಆಸೆ ಇದೆಯೇ ಎಂಬ ನಮ್ಮ ಕಸುಬಿನ ಸವಕಲು ಪ್ರಶ್ನೆ ಕೇಳುತ್ತೇನೆ. "ನೆಟ್ಟಗೆ ನಿಂತ್ಕೊಳ್ಳೋ ಅಷ್ಟು ಎತ್ತರದ ಅಂಗಡಿ" ಅನ್ನುತ್ತಾರೆ.

ಯಂತ್ರ ಮತ್ತೆ ಶುರುವಾಗುತ್ತದೆ. ಕಪ್ಪು ಪರದೆ, ಎರಡು ಸಾಲು, ಇಳಿಯುವ ಸೆಕೆಂಡುಗಳು. ಅಕ್ಕ ಮೊದಲು ವಿಂಡೋಸನ್ನು ತೆರೆದು ತೋರಿಸುತ್ತಾರೆ, ಮಗಳ ಕಡತಗಳು ಇದ್ದಂತೆಯೇ ಇವೆ. ಆಮೇಲೆ ಲಿನಕ್ಸು. ಹಸಿರು ಬಣ್ಣದ ಹೊಸ ಪರದೆ ಅರಳುತ್ತದೆ. ನಾವು ಕಾಯುತ್ತೇವೆ. ಏನೂ ಇಲ್ಲ. ಸ್ಪೀಕರಿನ ಗೊರಗೊರವೂ ಇಲ್ಲ.

ಟೈಲರಣ್ಣ ಅಳತೆಯ ಟೇಪನ್ನು ಕೈಗೆ ಸುತ್ತುತ್ತಾರೆ, ಬಿಚ್ಚುತ್ತಾರೆ, ಮತ್ತೆ ಸುತ್ತುತ್ತಾರೆ. ಅವರ ಮುಖ ನೋಡಲಾಗದೆ ನಾನು ಗೋಡೆ ನೋಡುತ್ತೇನೆ.

"ದುಡುಕಿಬಿಟ್ಟೆ" ಅನ್ನುತ್ತಾರೆ ಅಕ್ಕ. ಹೊಸ ಹೆಸರು ಹಾಕಿದ್ದರಿಂದ ಯಂತ್ರ ಮಗಳ ಕಡತಗಳಿಗೆಂದು ಹೊಸದೊಂದು ಕೋಣೆ ಕಟ್ಟಿಕೊಟ್ಟಿದೆ, ಅಮ್ಮನ ಹಳೆಯ ಕೋಣೆ ಹಾಗೇ ಇದೆ, ಒಳಗೆ ಹೋಗುವವರಿಲ್ಲ. ಅವರು ಆ ಕೋಣೆಯನ್ನು ತೆರೆದು ತೋರಿಸುತ್ತಾರೆ. ಉದ್ದಕ್ಕೂ ಅಮ್ಮನ ಕಡತಗಳು. ಪಕ್ಕದಲ್ಲಿ ಮಾಲೀಕರು ಯಾರೆಂದು ಹೇಳುವ ಸಾಲು. ಪ್ರತಿಯೊಂದರ ಎದುರಿಗೂ ಮಗಳ ಹೆಸರು.

ಮಗಳು ಸ್ಟೂಲಿನ ಅಂಚು ಹಿಡಿದುಕೊಳ್ಳುತ್ತಾಳೆ. "ಇದು ನಾನು ಮಾಡಿದ್ದಲ್ಲ" ಅನ್ನುತ್ತಾಳೆ.

"ಹೆಸರು ನಮಗೆ ಮಾತ್ರ ಮಗೂ. ಯಂತ್ರಕ್ಕೆ ನಂಬರೇ ಗುರುತು. ಅಮ್ಮಂದು ಮೊದಲನೇ ನಂಬರು. ಈಗ ಮೊದಲು ನಿನ್ನ ಹೆಸರು ಹಾಕಿದ್ನಲ್ಲ, ಆ ನಂಬರು ನಿನಗೆ ಬಂತು. ಅದರ ಲೆಕ್ಕದಲ್ಲಿ ನೀನೇ ಅಮ್ಮ." ಅಕ್ಕ ಇದನ್ನು ಹವಾಮಾನ ಹೇಳಿದಷ್ಟೇ ಸಮಾಧಾನದಿಂದ ಹೇಳುತ್ತಾರೆ. ಬೆಳಗಾಗುತ್ತಿದ್ದರೂ ಕೋಣೆಯಲ್ಲಿ ಒಂದು ಬಗೆಯ ಚಳಿ ನಿಂತಿದೆ. "ನಿನಗೆ ಎರಡನೇದು ಕೊಡ್ತೀನಿ. ಮೊದಲನೇದು ಅಮ್ಮನಿಗೇ ಇರ್ಲಿ. ಆದ್ರೆ ಅವರ ಹೆಸರನ್ನ ಈಗ ಹೊಸದಾಗಿ ಸೇರಿಸ್ಬೇಕು, ಇರೋ ಮನುಷ್ಯರನ್ನ ಸೇರಿಸಿದ ಹಾಗೇ. ಪರವಾಗಿಲ್ವಾ?"

ಮಗಳೇ ಕೀಲಿಮಣೆಯನ್ನು ತನ್ನತ್ತ ಎಳೆದುಕೊಂಡು ಅಮ್ಮನ ಹೆಸರನ್ನು ಒಂದೊಂದೇ ಅಕ್ಷರವಾಗಿ ಒತ್ತುತ್ತಾಳೆ. ಯಂತ್ರ ಆ ಹೆಸರಿಗೆ ಸ್ವಾಗತ ಹೇಳುತ್ತದೆ. ಅಕ್ಕ ಇನ್ನೇನೋ ಒಂದೆರಡು ಸಾಲು ಬರೆದು, ಆ ಕೋಣೆಯೇ ತಾನಾಗಿ ತೆರೆದುಕೊಳ್ಳುವಂತೆ ಮಾಡಿ, ಮತ್ತೆ ಶುರು ಮಾಡುತ್ತಾರೆ.

ಕಪ್ಪು ಪರದೆ. ಯಾರೂ ಏನೂ ಒತ್ತುವುದಿಲ್ಲ. ಹಸಿರು ಬರಬೇಕಾದಲ್ಲಿ ಅಮ್ಮನ ಹಳೆಯ ನೀಲಿಯೇ ಬರುತ್ತದೆ. ಈ ಬಾರಿ ಗೊರಗೊರವಿಲ್ಲ. ಪಕ್ಕದ ಕೋಣೆಯಿಂದ ಯಾರೋ ಕರೆದಷ್ಟು ಸ್ಪಷ್ಟವಾಗಿ, ಪೂರ್ತಿಯಾಗಿ, ದನಿ ಕೇಳುತ್ತದೆ:

"ರೀ... ಎದ್ರಾ? ಮೊದಲು ನೀರು ಕುಡೀರಿ. ಆಮೇಲೆ ಮಾತ್ರೆ."

"ಹ್ಞಾಂ, ಬಂದೆ" ಅನ್ನುತ್ತಾರೆ ಟೈಲರಣ್ಣ. ಯೋಚಿಸಿ ಹೇಳಿದ್ದಲ್ಲ. ಎಷ್ಟೋ ವರ್ಷದ ಅಭ್ಯಾಸ ಬಾಯಿಗೆ ಬಂದಿದೆ, ಕಾಲಿಗೂ ಬಂದಿದೆ. ಎದ್ದು ಅಡುಗೆಮನೆಯ ಕಡೆ ಹೋಗುತ್ತಿದ್ದಾರೆ. ಮಗಳು ಬಾಯಿಗೆ ಸೆರಗು ಒತ್ತಿಕೊಂಡಿದ್ದಾಳೆ. ಹಳೆಯದರಲ್ಲಿ ಸದ್ದಿನ ವ್ಯವಸ್ಥೆ ಏಳುವ ಮೊದಲೇ ಮಾತು ಶುರುವಾಗಿಬಿಡುತ್ತಿತ್ತು, ಹೊಸದು ಬೇಗ ಏಳುತ್ತದೆ, ಅಷ್ಟೇ ಎಂದು ಅಕ್ಕ ನನ್ನ ಕಿವಿಯಲ್ಲಿ ವಿವರಿಸುತ್ತಾರೆ. ನನಗೆ ಅದು ಕೇಳಿಸುವುದೇ ಇಲ್ಲ, ನನ್ನ ಕಿವಿ ಅಡುಗೆಮನೆಯ ಕಡೆ ಇದೆ. ಲೋಟಕ್ಕೆ ನೀರು ಬೀಳುವ ಸದ್ದು ಬರುತ್ತದೆ. ಆಮೇಲೆ ಲೋಟ ಕೆಳಗಿಟ್ಟ ಸದ್ದು.

"ಕುಡ್ದೆ ಕಣೇ" ಎಂದು ಒಳಗಿನಿಂದ ಟೈಲರಣ್ಣ ಹೇಳುತ್ತಾರೆ. ನಮ್ಮ ಮೂವರಲ್ಲಿ ಯಾರಿಗೂ ಹೇಳಿದ್ದಲ್ಲ.

ಅಕ್ಕ ಪೆನ್‌ಡ್ರೈವನ್ನು ಕಿತ್ತು ಗೊಂಚಲಿಗೆ ಸೇರಿಸಿಕೊಳ್ಳುತ್ತಾರೆ. "ಈಗ ಬರ್ಕೊಳ್ಳಿ ಸಾರ್" ಅನ್ನುತ್ತಾರೆ ಮೆಲ್ಲಗೆ. "ಏನೂ ಹೋಗಿಲ್ಲ."